ನೋಟಿಸಿಲ್ಲದೆ ಪಹಣಿ ಬದಲಾದರೆ: ಮೇಲ್ಮನವಿಯೋ, ರಿಟ್ಟೋ?

ತನಗೆ ನೋಟಿಸ್ ಕೊಡದೆಯೇ ಜಮೀನಿನ ಪಹಣಿ ಬದಲಾಗಿದ್ದರೆ ಮುಳಬಾಗಿಲಿನ ರೈತನಿಗೆ ಎರಡು ದಾರಿಗಳಿವೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಕಲಂ 136(2)ರಡಿ ಕೋಲಾರದ ಉಪವಿಭಾಗಾಧಿಕಾರಿಗೆ ಮೇಲ್ಮನವಿ: 60 ದಿನದ ಗಡುವು, ಖರ್ಚು ಕಡಿಮೆ, ಕ್ರಯಪತ್ರ, ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ ಎಲ್ಲವನ್ನೂ ನೋಡುತ್ತಾರೆ.

ಇನ್ನೊಂದು ದಾರಿ ರಿಟ್, ಅಂದರೆ ಅಧಿಕಾರಿಯ ಕ್ರಮವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಅದನ್ನು ಹಾಕಿದರೆ ನಿಮ್ಮ ಬಲವೆಲ್ಲ ಸಹಜ ನ್ಯಾಯ. ಅಹವಾಲು ಕೇಳದೆ ಯಾರ ವಿರುದ್ಧವೂ ತೀರ್ಮಾನಿಸಬಾರದು ಎಂಬ ಈ ತತ್ವ ಸಹಜ ಕಾನೂನಿನ, ಅಂದರೆ ಬರೆದ ಕಾಯ್ದೆಗೂ ಮಿಗಿಲಾದ ನ್ಯಾಯದ ನಿಯಮಗಳಿವೆ ಎನ್ನುವ, ಚಿಂತನೆಯಿಂದ ಬಂದದ್ದು. ಕಾಯ್ದೆ ಮೌನವಾಗಿದ್ದರೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಮೇನಕಾ ಗಾಂಧಿ ಪ್ರಕರಣದಲ್ಲಿ (1978) ಎತ್ತಿಹಿಡಿಯಿತು. ಅಮೂಲ್ಯವಾದ ರಕ್ಷಣೆಯಿದು. ಆದರೂ ಮೇಲ್ಮನವಿಗೆ ಅವಕಾಶವಿದೆಯೆಂದು ಹೈಕೋರ್ಟ್ ವಾಪಸು ಕಳಿಸಬಹುದು. ಗೆದ್ದರೂ ಸಾಮಾನ್ಯವಾಗಿ ಸಿಗುವುದು ಮರುವಿಚಾರಣೆ.

ಹಾಗಾಗಿ ಮೊದಲು ಮೇಲ್ಮನವಿಯನ್ನೇ ಹಾಕಿ. ‘ನೋಟಿಸ್ ಜಾರಿಯಾಗಿಲ್ಲ’ ಎಂಬುದನ್ನು ಮೊದಲ ಕಾರಣವಾಗಿ ಬರೆಸಿ, ಕಡತದ ದೃಢೀಕೃತ ಪ್ರತಿ ಲಗತ್ತಿಸಿ. ಒಡೆತನವೇ ವಿವಾದವಾದರೆ ಎರಡೂ ಸಾಲವು, ಸಿವಿಲ್ ದಾವೆಯೇ ಬೇಕು.