ದೊಡ್ಡ ಕಂಪನಿ ದಾವೆ ಹೂಡಿದಾಗ ಸಿವಿಲ್ ನ್ಯಾಯಾಲಯದ ಸೇವೆ: ಒಬ್ಬ ಪ್ರತಿವಾದಿಯ ವಿಮರ್ಶೆ

ಅಂಗಡಿ, ಹೋಟೆಲುಗಳ ಬಗ್ಗೆ ಬರೆಯುವವರು ಅಲ್ಲಿಗೆ ತಾವಾಗಿಯೇ ಹೋಗಿರುತ್ತಾರೆ. ನಾನು ಬರೆಯುತ್ತಿರುವ ಸೇವೆಗೆ ನನ್ನನ್ನೂ ನನ್ನ ಪತ್ನಿಯನ್ನೂ ಸಮನ್ಸ್ ಕಳುಹಿಸಿ ಕರೆಸಲಾಯಿತು. 2022ರಿಂದ 2024ರವರೆಗೆ ನಾವು ಬೆಂಗಳೂರಿನ ಒಂದು ವಾಣಿಜ್ಯ ನ್ಯಾಯಾಲಯದಲ್ಲಿ ಪ್ರತಿವಾದಿಗಳಾಗಿದ್ದೆವು. ವಾದಿ ದೇಶದಾದ್ಯಂತ ಶಾಖೆಗಳಿರುವ ಒಂದು ದೊಡ್ಡ ಕಂಪನಿ. ಕಂಪನಿಯ ಹೆಸರನ್ನಾಗಲಿ, ನ್ಯಾಯಾಲಯದ ಸಂಖ್ಯೆಯನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಮಾತು ಒಂದು ಕಂಪನಿಯ ಅಥವಾ ಒಬ್ಬ ನ್ಯಾಯಾಧೀಶರ ಕುರಿತಾದದ್ದಲ್ಲ. ಶಾಖೆ ಶಾಖೆಗೂ ವಕೀಲರನ್ನಿಟ್ಟುಕೊಂಡ ಸಂಸ್ಥೆಯೊಂದು ಒಬ್ಬ ವ್ಯಕ್ತಿಯ ಮೇಲೆ ದಾವೆ ಹೂಡಿದಾಗ ನಮ್ಮ ಸಿವಿಲ್ ನ್ಯಾಯವ್ಯವಸ್ಥೆ ಆ ವ್ಯಕ್ತಿಯನ್ನು ಎಷ್ಟರ ಮಟ್ಟಿಗೆ ನ್ಯಾಯವಾಗಿ ನಡೆಸಿಕೊಳ್ಳುತ್ತದೆ ಎಂಬುದನ್ನಷ್ಟೇ, ಕಂಡದ್ದನ್ನು ಕಂಡಂತೆ ಹೇಳಬೇಕಾಗಿದೆ.

ಕಡೂರಿನಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ನಮ್ಮ ಕೆಲಸ. ಪರವಾನಗಿ ನನ್ನ ಪತ್ನಿಯ ಹೆಸರಿನಲ್ಲಿದೆ. ಮಾಸಿಕ ಕಂತಿನ ಬಾಡಿಗೆ ಕರಾರಿನ ಮೇಲೆ ಒಂದು ಮುದ್ರಣ ಯಂತ್ರವನ್ನು ತಂದೆವು. ನಾಲ್ಕನೆಯ ತಿಂಗಳಿನಿಂದ ಅದು ಬಣ್ಣವನ್ನು ಸರಿಯಾಗಿ ಕೂರಿಸಲಿಲ್ಲ. ಕಂಪನಿಯ ಎಂಜಿನಿಯರುಗಳು ಏಳು ಸಲ ಬಂದು, ಪ್ರತಿ ಸಲವೂ ತಮ್ಮ ವರದಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ನಾವು ಕಂತು ನಿಲ್ಲಿಸಿದೆವು. ಕಂಪನಿ ಯಂತ್ರವನ್ನು ಹೊತ್ತೊಯ್ದಿತು. ಅದಾದ ಮೇಲೆ, ಕರಾರಿನಲ್ಲಿ ಉಳಿದಿದ್ದ ಎಲ್ಲ ಕಂತುಗಳನ್ನೂ ಬಡ್ಡಿಯನ್ನೂ ಸೇರಿಸಿ 4,80,000 ರೂಪಾಯಿಗೆ ದಾವೆ ಹೂಡಿತು.

ಈ ಸೇವೆಯ ಮೊದಲ ಹಂತ ಸಮನ್ಸ್ ಅಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವಿವಾದಗಳಲ್ಲಿ, ತುರ್ತು ಆದೇಶದ ಅಗತ್ಯವಿಲ್ಲದಿದ್ದರೆ, ದಾವೆಗೂ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಯತ್ನಿಸಲೇಬೇಕು. 2018ರ ತಿದ್ದುಪಡಿಯಿಂದ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ ಸೇರಿದ 12ಎ ಕಲಂ ಇದನ್ನು ಹೇಳುತ್ತದೆ, ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಆ ನೋಟಿಸು ನಮಗೂ ಬಂದಿತ್ತು. ಸಾಲ ವಸೂಲಿಯ ಮತ್ತೊಂದು ಬೆದರಿಕೆ ಪತ್ರವೆಂದು ತಿಳಿದು ನಾನು ಅದನ್ನು ಕಾಗದದ ಕಟ್ಟಿನಲ್ಲಿ ಸೇರಿಸಿಬಿಟ್ಟೆ. ನೋಟಿಸಿಗೆ ಎದುರು ಪಕ್ಷ ಸ್ಪಂದಿಸದಿದ್ದರೆ ಮಧ್ಯಸ್ಥಿಕೆ ಆರಂಭವಾಗಲಿಲ್ಲವೆಂದು ವರದಿಯಾಗುತ್ತದೆ, ದಾವೆಯ ದಾರಿ ತೆರೆದುಕೊಳ್ಳುತ್ತದೆ. ನಮ್ಮ ವಿಷಯದಲ್ಲಿ ಆದದ್ದೂ ಅದೇ. ಈ ತಪ್ಪು ನನ್ನದು. ಆದರೂ ಒಂದು ಕುಟುಂಬಕ್ಕೆ ಎರಡು ವರ್ಷಗಳ ಅಲೆದಾಟವನ್ನು ತಪ್ಪಿಸಬಲ್ಲ ಕಾಗದ ಅರ್ಥವಾಗದ ಇಂಗ್ಲಿಷಿನಲ್ಲಿ ಬರಬೇಕಾಗಿರಲಿಲ್ಲ. ಅಧೀನ ನ್ಯಾಯಾಲಯಗಳ ಭಾಷೆ ಕನ್ನಡವಾಗಿರುವ ರಾಜ್ಯದಲ್ಲಿ, ‘ಇದು ವಸೂಲಿ ನೋಟಿಸಲ್ಲ, ಮಾತುಕತೆಯ ಆಹ್ವಾನ’ ಎಂಬ ಒಂದು ಕನ್ನಡ ವಾಕ್ಯ ಅದರ ಮೇಲಿದ್ದಿದ್ದರೆ ನಾವು ಖಂಡಿತ ಹೋಗುತ್ತಿದ್ದೆವು.

ಸಮನ್ಸ್ ರಿಜಿಸ್ಟರ್ ಅಂಚೆಯಲ್ಲಿ ಬಂತು. ಅದು ಕೈಸೇರಿದ ದಿನದಿಂದ 30 ದಿನಗಳೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ಪ್ರತಿವಾದಿಯ ಉತ್ತರ, ಸಲ್ಲಿಸಬೇಕು. ವಾಣಿಜ್ಯ ದಾವೆಯಾದರೆ ನ್ಯಾಯಾಲಯ ಕಾರಣ ದಾಖಲಿಸಿ, ವೆಚ್ಚ ವಿಧಿಸಿ 120 ದಿನಗಳವರೆಗೆ ಅವಕಾಶ ಕೊಡಬಹುದು. ಅಲ್ಲಿಂದಾಚೆಗೆ ಉತ್ತರ ಕೊಡುವ ಹಕ್ಕೇ ಇಲ್ಲವಾಗುತ್ತದೆ. ಈ ಗಡುವು ದಾವೆಗಳು ಬೇಗ ಮುಗಿಯಲೆಂದು ಮಾಡಿದ್ದು, ಅದರ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಾದಪತ್ರವನ್ನು ಸಿದ್ಧಪಡಿಸಲು ಕಂಪನಿಗೆ ತಿಂಗಳುಗಟ್ಟಲೆ ಸಮಯವಿರುತ್ತದೆ. ಪ್ರತಿವಾದಿ ಮಾತ್ರ ಸಮನ್ಸ್ ಕೈಗೆ ಬಂದ ದಿನ ‘ವಕಾಲತ್ತು’ (ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ) ಎಂಬ ಮಾತಿನ ಅರ್ಥವನ್ನು ಕೇಳಿ ತಿಳಿಯುವಲ್ಲಿಂದ ಶುರು ಮಾಡಬೇಕು. ಪ್ರಾಮಿಸರಿ ನೋಟಿನಂತಹ ಬರಹದ ಮೇಲೆ ಹೂಡುವ ಸಂಕ್ಷಿಪ್ತ ದಾವೆಗಳಲ್ಲಿ ಇನ್ನೂ ಬಿಗಿ: ಹಾಜರಾತಿ ದಾಖಲಿಸಲು ಸಿಗುವುದು 10 ದಿನ. ಅದು ತಪ್ಪಿದರೆ ವಾದಿಗೆ ನೇರವಾಗಿ ಡಿಕ್ರಿ ಸಿಗಬಹುದು.

ನ್ಯಾಯಾಲಯ ಬೆಂಗಳೂರಿನಲ್ಲಿ, ಯಂತ್ರ ಕಡೂರಿನಲ್ಲಿ. ಕರಾರಿನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ‘ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ’ ಎಂದಿತ್ತು. ಎರಡು ಊರಿನ ನ್ಯಾಯಾಲಯಗಳಿಗೆ ಅಧಿಕಾರವಿದ್ದಾಗ ಕರಾರುದಾರರು ಅವುಗಳಲ್ಲೊಂದನ್ನು ಆರಿಸಿಕೊಳ್ಳಬಹುದೆಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ಪ್ರಕಾರ ಅದು ನಮ್ಮಿಬ್ಬರ ಆಯ್ಕೆ. ವಾಸ್ತವದಲ್ಲಿ ಅಚ್ಚಾದ ನಮೂನೆಗೆ ನಾವು ಸಹಿ ಹಾಕಿದ್ದೆವು, ಅಷ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನಿಗೆ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡುವ ಹಕ್ಕನ್ನು ಕೊಟ್ಟಿದೆ. ದೂರುವ ಗ್ರಾಹಕನಿಗೆ ಇರುವ ಈ ಅನುಕೂಲ, ದೂರಿಗೆ ಗುರಿಯಾದ ಸಣ್ಣ ವ್ಯಾಪಾರಿಗೆ ಏಕಿಲ್ಲ? ಸುಮಾರು 200 ಕಿಲೋಮೀಟರ್ ದೂರದ ವಾಯಿದೆಗೆ ಹಿಂದಿನ ರಾತ್ರಿಯೇ ರೈಲು ಹತ್ತಿ ಬೆಳಗಿನ ಜಾವ ಇಳಿದು, ಮಧ್ಯಾಹ್ನದವರೆಗೆ ಕಾದು, ಮುಂದಿನ ದಿನಾಂಕ ಬರೆದುಕೊಂಡು ಬಂದದ್ದು ಎಷ್ಟೋ ಸಲ. ವಕೀಲರಿದ್ದರೆ ಪ್ರತಿ ವಾಯಿದೆಗೂ ಪ್ರತಿವಾದಿ ಖುದ್ದಾಗಿ ನಿಲ್ಲಬೇಕಿಲ್ಲ ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅರ್ಧದಷ್ಟು ಪ್ರಯಾಣ ಉಳಿಯುತ್ತಿತ್ತು. ಹೋಗದಿದ್ದರೆ ಏಕಪಕ್ಷೀಯ ಆದೇಶವಾಗಿಬಿಡುತ್ತದೆ ಎಂಬ ಭಯ ನಮ್ಮನ್ನು ಓಡಾಡಿಸಿತು.

ಅತ್ಯಂತ ನೋವಿನ ಸಂಗತಿ ಕಾನೂನು ನೆರವಿನದು. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯೆಂದಿದೆ. ಅದನ್ನು ಕಾರ್ಯರೂಪಕ್ಕೆ ತಂದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದರ 12ನೆಯ ಕಲಂ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮುಂತಾದವರೊಂದಿಗೆ ಎಲ್ಲ ಮಹಿಳೆಯರೂ ಈ ನೆರವಿಗೆ ಅರ್ಹರು. ಮಹಿಳೆಗೆ ಆದಾಯದ ಮಿತಿಯಿಲ್ಲ. ದಾವೆ ಹೂಡುವವಳಿಗಷ್ಟೇ ಅಲ್ಲ, ದಾವೆಗೆ ಉತ್ತರ ಕೊಡಬೇಕಾದವಳಿಗೂ ಇದು ಸಲ್ಲುತ್ತದೆ. ನಮ್ಮ ದಾವೆಯ ಮೊದಲನೆಯ ಪ್ರತಿವಾದಿ ನನ್ನ ಪತ್ನಿ. ಅಂದರೆ ಮೊದಲ ದಿನದಿಂದಲೇ ಅವಳಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬಹುದಿತ್ತು. ಇದನ್ನು ನಮಗೆ ತಿಳಿಸಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯ ಅರಿವು ಶಿಬಿರಕ್ಕೆ ಕರಪತ್ರ ಅಚ್ಚು ಹಾಕಿಸಲು ಬಂದ ಒಬ್ಬ ಸ್ವಯಂಸೇವಕಿ. ಆ ವೇಳೆಗೆ ಒಂದು ವರ್ಷ ಕಳೆದಿತ್ತು, ನನ್ನ ಪತ್ನಿಯ ಎರಡು ಬಳೆ ಅಡವಿಗೆ ಹೋಗಿದ್ದವು. ಸೌಲಭ್ಯ ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಇದೆಯೆಂಬ ಸುದ್ದಿ ಸಮನ್ಸಿನ ಜೊತೆಗೆ ಬರಲಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 15100 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಸಮನ್ಸಿನ ಹಿಂಬದಿಯಲ್ಲಿ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆಂದು ಅಚ್ಚಿನ ಕೆಲಸದವನಾದ ನಾನು ಬಲ್ಲೆ. ಏನೂ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ಈ ಸೇವೆಯ ಉತ್ತಮ ಭಾಗವನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಪೀಠದ ಮುಂದೆ ನಿಂತಾಗ ನಮಗೆ ಎಂದೂ ತಾರತಮ್ಯ ಕಾಣಲಿಲ್ಲ. ಕಂಪನಿಯ ಪರ ಬೆಂಗಳೂರಿನ ಹೆಸರಾಂತ ವಕೀಲರ ತಂಡ, ನಮ್ಮ ಪರ ಒಬ್ಬರೇ ಯುವ ವಕೀಲೆ. ನ್ಯಾಯಾಧೀಶರು ಇಬ್ಬರ ಮಾತನ್ನೂ ಒಂದೇ ತಾಳ್ಮೆಯಿಂದ ಕೇಳಿದರು. ನನ್ನ ಪತ್ನಿ ಏನನ್ನೋ ಹೇಳಲು ಎದ್ದು ನಿಂತಾಗ ಅವಳನ್ನು ತಡೆಯದೆ ‘ಕನ್ನಡದಲ್ಲೇ ಹೇಳಿ ಅಮ್ಮ’ ಎಂದರು. ಅಂದಿನಿಂದ ಅವಳಿಗೆ ನ್ಯಾಯಾಲಯದ ಭಯ ಹೋಯಿತು.

ಕಾನೂನೂ ಆ ಹಂತದಲ್ಲಿ ನಮ್ಮ ಕೈ ಹಿಡಿಯಿತು. ವಾಣಿಜ್ಯ ದಾವೆಗಳಿಗಾಗಿ ತಿದ್ದುಪಡಿಯಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಆದೇಶದಡಿ (ಸಂಹಿತೆಯ ನಿಯಮಗಳ ಭಾಗಗಳಿಗೆ ‘ಆದೇಶ’ವೆಂದೇ ಹೆಸರು), ದಾವೆಗೆ ಸಂಬಂಧಿಸಿ ತನ್ನ ವಶದಲ್ಲಿರುವ ಎಲ್ಲ ದಾಖಲೆಗಳನ್ನೂ ವಾದಿ ಮುಂದಿಡಬೇಕು, ಬೇರೇನನ್ನೂ ಇಟ್ಟುಕೊಂಡಿಲ್ಲವೆಂದು ಪ್ರಮಾಣವನ್ನೂ ಮಾಡಬೇಕು. ಮುಂದಿಡದಿದ್ದರೆ, ಹಾಜರುಪಡಿಸುವಂತೆ ಎದುರು ಪಕ್ಷ ಕೇಳಬಹುದು. ದೊಡ್ಡ ಸಂಸ್ಥೆಯೊಂದಿಗಿನ ವಿವಾದದಲ್ಲಿ ಕಾಗದಪತ್ರಗಳೆಲ್ಲ ಅದರ ಬಳಿಯೇ ಇರುತ್ತವೆ. ವ್ಯಕ್ತಿಯ ಬಳಿ ನೆನಪು, ಒಂದಷ್ಟು ಮೊಬೈಲ್ ಸಂದೇಶ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದ್ದರಿಂದ ಈ ನಿಯಮ ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲೇ ದುರ್ಬಲನಿಗೆ ಅತಿ ಹೆಚ್ಚು ನ್ಯಾಯ ಒದಗಿಸುವ ನಿಯಮ. ಎಂಜಿನಿಯರುಗಳ ಏಳು ಭೇಟಿಗಳ ವರದಿಗಳನ್ನು ಹಾಜರುಪಡಿಸಬೇಕೆಂದು ನಮ್ಮ ವಕೀಲೆ ಅರ್ಜಿ ಹಾಕಿದರು. ಕಂಪನಿ ಮೂರು ವಾಯಿದೆ ತೆಗೆದುಕೊಂಡು ಆಕ್ಷೇಪಿಸಿತು. ನ್ಯಾಯಾಲಯ ಅರ್ಜಿಯನ್ನು ಪುರಸ್ಕರಿಸಿ ದಿನಾಂಕ ನಿಗದಿಪಡಿಸಿತು.

ಆ ದಿನಾಂಕ ಬರುವ ಮೊದಲೇ ಕಂಪನಿ ದಾವೆಯನ್ನು ಹಿಂಪಡೆಯುವುದಾಗಿ ಜ್ಞಾಪನ ಸಲ್ಲಿಸಿತು.

ನನ್ನ ಮುಖ್ಯ ದೂರು ಇರುವುದು ಇಲ್ಲಿ. ದಾವೆಯನ್ನು ಯಾವಾಗ ಬೇಕಾದರೂ ಕೈಬಿಡುವ ಹಕ್ಕನ್ನು ಸಂಹಿತೆಯ 23ನೆಯ ಆದೇಶ ವಾದಿಗೆ ಕೊಟ್ಟಿದೆ. ಪ್ರತಿವಾದಿಗೆ ವೆಚ್ಚ ಕೊಡಿಸುವುದು ನ್ಯಾಯಾಲಯದ ವಿವೇಚನೆ. ಎರಡು ವರ್ಷಗಳಲ್ಲಿ ನಮಗೆ ತಗಲಿದ್ದು, ವಕೀಲರ ಶುಲ್ಕ, ಪ್ರಯಾಣ, ಮುಚ್ಚಿದ ಅಂಗಡಿಯ ದಿನಗಳನ್ನೆಲ್ಲ ಸೇರಿಸಿದರೆ, 1,12,000 ರೂಪಾಯಿ. ಕೈಗೆ ಬಂದದ್ದು 10,000. ವಾಣಿಜ್ಯ ದಾವೆಗಳಲ್ಲಿ ಸೋತವರು ಗೆದ್ದವರ ವೆಚ್ಚ ಭರಿಸುವುದೇ ಸಾಮಾನ್ಯ ನಿಯಮವೆಂದು 35ನೆಯ ಕಲಂ ಈಗ ಹೇಳುತ್ತದೆ. ಆದರೆ ಹಿಂಪಡೆದ ದಾವೆಯಲ್ಲಿ ಸೋತವರೂ ಇಲ್ಲ, ಗೆದ್ದವರೂ ಇಲ್ಲ ಎಂಬ ವಾದ ಬಂತು. ಸಾಮಾನ್ಯ ಸಿವಿಲ್ ದಾವೆಗಳ ಸ್ಥಿತಿ ಇನ್ನೂ ಶೋಚನೀಯ: ಸುಳ್ಳು ದಾವೆಗೆ 35ಎ ಕಲಂ ಅಡಿ ಕೊಡಿಸಬಹುದಾದ ಪರಿಹಾರದ ಮಿತಿ ಇಂದಿಗೂ 3,000 ರೂಪಾಯಿ. ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ನಮ್ಮಲ್ಲಿ ಕೋರ್ಟಿನ ಬಗ್ಗೆ ಹೇಳುವ ಗಾದೆ ಇಬ್ಬರು ದಾಯಾದಿಗಳ ವ್ಯಾಜ್ಯಕ್ಕೆ ಸರಿಹೋಗುತ್ತದೆ. ಕಂಪನಿಗೆ ಹೊಂದುವುದಿಲ್ಲ. ಅದು ಗೆದ್ದರೂ ಸೋತರೂ ಅದರ ವಕೀಲರ ಶುಲ್ಕ ವ್ಯವಹಾರದ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ. ನಮ್ಮದು ಬಳೆಯ ಲೆಕ್ಕಕ್ಕೆ ಹೋಯಿತು.

ಇದು ನಮ್ಮೊಬ್ಬರ ಅನುಭವವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಗುಜರಾತಿನ ಸಾಬರಕಾಂಠ ಜಿಲ್ಲೆಯ ನಾಲ್ವರು ಆಲೂಗಡ್ಡೆ ಬೆಳೆಗಾರರ ವಿರುದ್ಧ ಪೆಪ್ಸಿಕೋ ಕಂಪನಿಯ ದಾವೆ ಅಹಮದಾಬಾದಿನ ವಾಣಿಜ್ಯ ನ್ಯಾಯಾಲಯದ ಮುಂದೆ ಬಂತು. ಚಿಪ್ಸ್‌ಗೆ ಬಳಸುವ ತನ್ನ ನೋಂದಾಯಿತ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂಬುದು ಆರೋಪ, ಒಬ್ಬೊಬ್ಬರಿಂದ ಕೇಳಿದ್ದು 1.05 ಕೋಟಿ ರೂಪಾಯಿ. ರೈತರ ಮಾತು ಕೇಳುವ ಮೊದಲೇ ಮಧ್ಯಂತರ ತಡೆ ಸಿಕ್ಕಿತು. ಬ್ರಾಂಡ್ ಮಾಡಿದ ಬೀಜದ ಮಾರಾಟವೊಂದನ್ನು ಬಿಟ್ಟು, ತಾನು ಬೆಳೆದದ್ದನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಮಾರುವ ಹಕ್ಕು ರೈತನಿಗಿದೆ ಎಂದು ಸಸ್ಯತಳಿ ರಕ್ಷಣೆಯ 2001ರ ಕಾಯ್ದೆಯ 39ನೆಯ ಕಲಂ ಹೇಳುತ್ತದೆ. ದೇಶದಾದ್ಯಂತ ರೈತ ಸಂಘಟನೆಗಳು ದನಿಯೆತ್ತಿದ ಮೇಲೆ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂಪಡೆಯಿತು. ರೈತರು ಪಾರಾದರು ನಿಜ. ಆದರೆ ಅವರನ್ನು ಪಾರುಮಾಡಿದ್ದು ಸಾರ್ವಜನಿಕರ ಕೂಗು. 39ನೆಯ ಕಲಂ ಆ ರೈತರಿಗೆ ಅನ್ವಯಿಸುತ್ತಿತ್ತೇ ಎಂಬ ಪ್ರಶ್ನೆಗೆ ಆ ದಾವೆಗಳಲ್ಲಿ ತೀರ್ಪು ಬರಲೇ ಇಲ್ಲ. ತಳಿಯ ನೋಂದಣಿಯ ಕುರಿತಾದ ಬೇರೆ ಹೋರಾಟ ಮುಂದುವರಿಯಿತು: 2021ರ ಡಿಸೆಂಬರ್‌ನಲ್ಲಿ ಸಸ್ಯತಳಿ ರಕ್ಷಣೆಯ ಪ್ರಾಧಿಕಾರ ನೋಂದಣಿಯನ್ನು ರದ್ದುಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು.

ಹೊರದೇಶದಲ್ಲೂ ಇದೇ ಕಥೆ ಇದೆ. ಕರಪತ್ರವೊಂದನ್ನು ಹಂಚಿದರೆಂದು ಲಂಡನ್ನಿನ ಇಬ್ಬರು ಸಾಮಾನ್ಯ ಕಾರ್ಯಕರ್ತರ ಮೇಲೆ ಮೆಕ್‌ಡೊನಾಲ್ಡ್ಸ್ 1990ರಲ್ಲಿ ಮಾನನಷ್ಟ ದಾವೆ ಹೂಡಿತು. ಅಂತಹ ದಾವೆಗೆ ಅಲ್ಲಿ ಸರ್ಕಾರಿ ಕಾನೂನು ನೆರವು ಇರಲಿಲ್ಲ. 313 ದಿನಗಳ ವಿಚಾರಣೆಯಲ್ಲಿ ಅವರು ಬಹುಪಾಲು ತಾವೇ ವಾದಿಸಿಕೊಂಡರು. ಇದು ನ್ಯಾಯಯುತ ವಿಚಾರಣೆಯ ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ತೀರ್ಪು ನೀಡಿತು. ನ್ಯಾಯಾಧೀಶರು ನಿಷ್ಪಕ್ಷಪಾತಿಗಳಾಗಿದ್ದರೆ ಸಾಲದು, ಎರಡು ಪಕ್ಷಗಳ ಕೈಯಲ್ಲಿರುವ ಸಾಧನಗಳ ನಡುವೆಯೂ ಒಂದು ಮಟ್ಟದ ಸಮತೆ ಬೇಕೆಂಬುದು ಆ ತೀರ್ಪಿನ ತಿರುಳು.

ನಮ್ಮ ಸಿವಿಲ್ ನ್ಯಾಯಾಲಯದ ಸೇವೆಗೂ ನಾನು ಇದೇ ಅಳತೆಯನ್ನು ಹಿಡಿಯುತ್ತೇನೆ. ನ್ಯಾಯಪೀಠದ ನಡವಳಿಕೆ ಶ್ರೇಷ್ಠ. ದಾಖಲೆ ಹೊರಗೆಡಹುವ ನಿಯಮ ಅತ್ಯುತ್ತಮ. ಇ-ಕೋರ್ಟ್ಸ್ ಆಪ್ ಕೂಡ ಉಪಯುಕ್ತ. ಪ್ರತಿ ಮೊಕದ್ದಮೆಗೂ ಕೊಡುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆಯೂ ಆದೇಶಗಳೂ ಕಡೂರಿನಲ್ಲೇ ಉಚಿತವಾಗಿ ಸಿಗುತ್ತವೆ. ಆದರೆ ನ್ಯಾಯಾಲಯದ ಬಾಗಿಲಿಗೆ ಬರುವ ದಾರಿಯಲ್ಲೂ ಅಲ್ಲಿಂದ ಹೊರಡುವ ದಾರಿಯಲ್ಲೂ ವ್ಯಕ್ತಿ ಒಂಟಿಯಾಗಿರುತ್ತಾನೆ. ದಾಖಲೆ ಕೊಡುವ ಆದೇಶವಾದ ಮೇಲೆ ದಾವೆ ಹಿಂಪಡೆಯುವ ಸಂಸ್ಥೆಯಿಂದ ಪ್ರತಿವಾದಿಯ ನಿಜವಾದ ಖರ್ಚನ್ನು ಪೂರ್ತಿಯಾಗಿ ಕೊಡಿಸುವುದು ವಿವೇಚನೆಗೆ ಬಿಟ್ಟ ವಿಷಯವಾಗಿರಬಾರದು, ಕಡ್ಡಾಯವಾಗಬೇಕು. ಅಲ್ಲಿಯವರೆಗೆ ದಾವೆ ಹೂಡುವುದೇ ಒಂದು ಶಿಕ್ಷೆಯಾಗಿ ಬಳಕೆಯಾಗುತ್ತಿರುತ್ತದೆ.

ಹಿಂಪಡೆತದ ಆದೇಶ ಕೈಗೆ ಬಂದವರು ಮರೆಯದೆ ಅದರ ದೃಢೀಕೃತ ನಕಲನ್ನು ಪಡೆದುಕೊಳ್ಳಿ. ಹೊಸ ದಾವೆ ಹೂಡಲು ನ್ಯಾಯಾಲಯದ ಅನುಮತಿ ಪಡೆಯದೆ ಹಿಂಪಡೆದ ವಾದಿ ಅದೇ ವಿಷಯದ ಮೇಲೆ ಮತ್ತೆ ಬರುವಂತಿಲ್ಲ. ನಮ್ಮ ಕಂಪನಿ ಆ ಅನುಮತಿಯನ್ನು ಕೇಳಿರಲಿಲ್ಲ. ಆ ನಕಲನ್ನು ನನ್ನ ಪತ್ನಿ ಮನೆಯ ಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ.