ಉಚಿತ ಕ್ಯಾಂಪಿಗೆ ಹೋಗಿ, ಆದರೆ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿ

ಊರಿಗೆ ಯಾವುದೋ ಟ್ರಸ್ಟಿನವರು ಬಂದು ಉಚಿತ ಆರೋಗ್ಯ ಶಿಬಿರ ಮಾಡ್ತಾರೆ ಅಂದರೆ ಆಧಾರ್, ಆಯುಷ್ಮಾನ್ ಕಾರ್ಡ್ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಬಿಪಿ, ಶುಗರ್, ಕಣ್ಣು ನೋಡೋಕೆ ಅವು ಬೇಕಿಲ್ಲ. ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ನಮ್ಮ ದೊಡ್ಡಮ್ಮನ ಎದೆಯಲ್ಲಿ ಸ್ಟೆಂಟ್ (ಹೃದಯದ ರಕ್ತನಾಳ ಮುಚ್ಚದಂತೆ ಒಳಗೆ ಇಡೋ ಸಣ್ಣ ನಳಿಗೆ) ಇದೆ ಅಂತ ಆಯುಷ್ಮಾನ್ ಯೋಜನೆಯ ಕಂಪ್ಯೂಟರ್ ಹೇಳುತ್ತದೆ. ಅವರು ಕ್ಯಾಂಪಿಗೆ ಹೋಗಿದ್ದು ಕಣ್ಣು ತೋರಿಸೋಕೆ.

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಬೆಳಗಿನ ಬಸ್ಸು ತಪ್ಪಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋದು ಮಧ್ಯಾಹ್ನದ ಮಾತು. ಹೃದಯದ ಡಾಕ್ಟರ್ ಬೇಕಂದರೆ ದಾವಣಗೆರೆ, ಇಲ್ಲ ಬೆಂಗಳೂರು. ಹೀಗಿರುವಾಗ ಡಾಕ್ಟರೇ ಊರಿಗೆ ಬರ್ತಾರೆ ಅಂದರೆ ಯಾರು ಬೇಡ ಅಂತಾರೆ? ಶೇಂಗಾ ಒಕ್ಕಣೆ ಮುಗಿದು ಎಲ್ಲರ ಕೈ ಖಾಲಿ ಇದ್ದ ಸಮಯ. ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಬಿತ್ತು: ಒಂದು ಟ್ರಸ್ಟು, ಅದರ ಜೊತೆ ಸಿಟಿಯ ಒಂದು ಖಾಸಗಿ ಆಸ್ಪತ್ರೆ. ಪಂಚಾಯಿತಿ ಮೆಂಬರ್ ಫೋಟೋ ಕೂಡ ಇತ್ತು. ಬಂದವರಿಗೆಲ್ಲ ಉಪ್ಪಿಟ್ಟು, ಟೀ.

ಶಾಲೆ ಗೇಟಿನ ಹತ್ತಿರ ಮೊದಲು ಸಿಗ್ತಿದ್ದದ್ದು ಡಾಕ್ಟರ್ ಅಲ್ಲ, ಒಂದು ಟೇಬಲ್. ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹೆಬ್ಬೆಟ್ಟಿನ ಮಿಷನ್. ಆಧಾರ್ ಕೊಡಿ, ರೇಷನ್ ಕಾರ್ಡ್ ಕೊಡಿ, ಬೆರಳು ಇಡಿ. ದೊಡ್ಡಮ್ಮನ ಹತ್ತಿರ ಫೋನ್ ಇಲ್ಲ. 'ಪರವಾಗಿಲ್ಲ ಬಿಡಜ್ಜಿ, ನಮ್ಮದೇ ನಂಬರ್ ಹಾಕ್ಕೋತೀವಿ' ಅಂದಿದ್ದಾನೆ ಆ ಹುಡುಗ. ಕಣ್ಣು ನೋಡೋ ಮುಂಚೆ ಇಸಿಜಿ. ಇಸಿಜಿ ನೋಡಿ 'ಬ್ಲಾಕ್ ಇದೆ, ಇವತ್ತೇ ಬರಬೇಕು, ಒಂದು ರೂಪಾಯಿನೂ ಖರ್ಚಿಲ್ಲ'. ಬಸ್ಸು ರೆಡಿಯಾಗಿ ನಿಂತಿತ್ತು. ನಮ್ಮೂರಿನ, ಪಕ್ಕದೂರಿನ ಇನ್ನೂ ಹಲವರು ಅದೇ ಬಸ್ಸು ಹತ್ತಿದರು.

ಆ ಖಾಸಗಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಪೇಪರ್ ಕವರಿನಲ್ಲಿ ಮಾತ್ರೆ ಕೊಟ್ಟು ಕಳಿಸಿದರು. ಹೊರಡುವಾಗ ಮತ್ತೆ ಹೆಬ್ಬೆಟ್ಟು. ಕೈಗೆ ಹಣ್ಣು ಕೊಟ್ಟು ಫೋಟೋ. ಡಿಸ್ಚಾರ್ಜ್ ಫೈಲ್ ಇಲ್ಲ, ಆಂಜಿಯೋಗ್ರಾಮ್ (ಹೃದಯದ ರಕ್ತನಾಳದ ಎಕ್ಸ್‌ರೇ ಪರೀಕ್ಷೆ) ಸಿಡಿ ಇಲ್ಲ. ದುಡ್ಡು ಕೇಳಲಿಲ್ಲ ಅಂತ ಊರೆಲ್ಲ ಟ್ರಸ್ಟಿನವರನ್ನು ಹೊಗಳಿದ್ದೇ ಹೊಗಳಿದ್ದು.

ಕೆಲವು ತಿಂಗಳಾದ ಮೇಲೆ ದೊಡ್ಡಮ್ಮನಿಗೆ ಹೊಟ್ಟೆನೋವು ಶುರುವಾಯ್ತು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್‌ಗೆ ಅಂತ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋದೆ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳೋ ಆರೋಗ್ಯಮಿತ್ರ ಕಾರ್ಡ್ ಹಾಕಿ ನೋಡಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದರು. 'ಇವರಿಗೆ ಸ್ಟೆಂಟ್ ಆಗಿದೆಯಲ್ಲ? ಎಮರ್ಜೆನ್ಸಿ ಅಂತ ಅಡ್ಮಿಟ್ ಆಗಿದ್ದಾರೆ.' ದೊಡ್ಡಮ್ಮ ನನ್ನ ಮುಖ ನೋಡಿದರು. 'ನನಗೆ ಎದೆನೋವೇ ಇರಲಿಲ್ಲ ಕಣಪ್ಪಾ.'

ಇಲ್ಲಿ ದುಡ್ಡಿನ ವಿಷಯಕ್ಕಿಂತ ದೊಡ್ಡ ತೊಂದರೆ ಬೇರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ತೆಳುವಾಗುವ ಮಾತ್ರೆ ನಡೀತಿರುತ್ತದೆ. ಅದನ್ನು ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ನಿಲ್ಲಿಸದೆ ಕೊಯ್ದರೆ ರಕ್ತ ಜಾಸ್ತಿ ಹೋಗಬಹುದು. ಹಾಗಾಗಿ ಅನಸ್ತೇಶಿಯಾ ಡಾಕ್ಟರ್ ಒಪ್ಪಲಿಲ್ಲ, ಅದು ಅವರ ತಪ್ಪೂ ಅಲ್ಲ. ಫೈಲ್ ತನ್ನಿ, ಸಿಡಿ ತನ್ನಿ ಅಂದರು. ಸ್ಟೆಂಟ್ ಹಾಕಿದರೆ ಅದರ ಕಂಪನಿ, ಬ್ಯಾಚ್ ನಂಬರ್ ಇರೋ ಸ್ಟಿಕ್ಕರ್ ಫೈಲಿನಲ್ಲಿ ಅಂಟಿಸಿರಬೇಕು, ಅದನ್ನೂ ತೋರಿಸಿ ಅಂದರು.

ಕ್ಯಾಂಪಿನ ಆ ಖಾಸಗಿ ಆಸ್ಪತ್ರೆಗೆ ಹೋದರೆ 'ಕ್ಯಾಂಪ್ ಪೇಷೆಂಟಾ? ಟ್ರಸ್ಟಿನವರನ್ನ ಕೇಳಿ'. ಟ್ರಸ್ಟಿನವರಿಗೆ ಫೋನ್ ಮಾಡಿದರೆ 'ನಾವು ಕರ್ಕೊಂಡು ಹೋಗೋದಷ್ಟೇ ಸಾರ್, ಟ್ರೀಟ್‌ಮೆಂಟ್ ಎಲ್ಲ ಆಸ್ಪತ್ರೆಯವರದು'. ಸಹಭಾಗಿತ್ವ ಅಂತ ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದವರು, ಜವಾಬ್ದಾರಿ ಅಂದ ತಕ್ಷಣ ಇಬ್ಬರೂ ಬೇರೆಬೇರೆ! ಕೊನೆಗೆ ಬೆಂಗಳೂರಿನ ಸರ್ಕಾರಿ ಹೃದ್ರೋಗ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆವು. ಸ್ಟೆಂಟ್ ಇರಲೇ ಇಲ್ಲ. ಅಲ್ಲಿಯವರೆಗೆ ದೊಡ್ಡಮ್ಮ ನೋವು ತಿಂದರು.

ಆ 'ಎಮರ್ಜೆನ್ಸಿ' ಯಾಕೆ ಬಂತು ಅನ್ನೋದು ಗೊತ್ತಿರಲಿ. ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ಮನೆ ಮಂದಿಗೆಲ್ಲ ಸೇರಿ 5 ಲಕ್ಷ, ತಲೆಗಿಷ್ಟು ಅಂತಲ್ಲ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಕೇಸಿಗೆ ಮಾತ್ರ ಬೇಡ. ಬಸ್ಸಿನಲ್ಲಿ ಹರಟೆ ಹೊಡೀತಾ ಬಂದ ಮುದುಕಿ ಕಾಗದದ ಮೇಲೆ ತುರ್ತು ರೋಗಿ ಆಗಿದ್ದು ಹೀಗೆ.

ನಮ್ಮೊಬ್ಬರದೇ ಕಥೆ ಅಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಗುಜರಾತಿನ ಮೆಹ್ಸಾಣ ಜಿಲ್ಲೆಯ ಬೋರಿಸಣ ಅನ್ನೋ ಹಳ್ಳಿಯಲ್ಲಿ ಉಚಿತ ಕ್ಯಾಂಪ್ ಮಾಡಿ, ಜನರನ್ನು ಅಹಮದಾಬಾದಿನ ಖಾಸಗಿ ಆಸ್ಪತ್ರೆಗೆ ಬಸ್ಸಿನಲ್ಲಿ ಕರ್ಕೊಂಡು ಹೋದರು. 19 ಜನಕ್ಕೆ ಆಂಜಿಯೋಗ್ರಾಮ್, 7 ಜನಕ್ಕೆ ಸ್ಟೆಂಟ್. ಇಬ್ಬರು ಸತ್ತರು. ಡಾಕ್ಟರ್ ಸೇರಿ ಹಲವರ ಬಂಧನ ಆಯ್ತು. ಇನ್ನು ಆ ಮೊಬೈಲ್ ನಂಬರಿನ ವಿಷಯ. ಆಯುಷ್ಮಾನ್ ಯೋಜನೆ ಬಗ್ಗೆ 2023ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ) ವರದಿ ನೋಡಿದರೆ, 9999999999 ಅನ್ನೋ ಒಂದೇ ನಂಬರಿಗೆ ದೇಶದಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳನ್ನು ಜೋಡಿಸಿದ್ದರು. ನಂಬರ್ ನಮ್ಮದಲ್ಲದಿದ್ದರೆ ಓಟಿಪಿ, ಮೆಸೇಜ್ ನಮಗೆ ಹೇಗೆ ಬರಬೇಕು?

ಹಾಗಂತ ಟ್ರಸ್ಟ್ ಅಂದರೆಲ್ಲ ಮೋಸ ಅಂತ ನಾನು ಹೇಳೋದಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟಿಗೆ ನಡೆಸೋಕೆ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರು ಕಟ್ಟಿದ ಸಂಸ್ಥೆ ಅದು. ಅಲ್ಲಿ ಸಂಸ್ಥೆ ಊರಿಗೆ ಬಂದು ಕೂತಿತು. ಹೋದ ವಾರ ಕೊಟ್ಟ ಮಾತ್ರೆ ಯಾವುದು ಅಂತ ಈ ವಾರ ಅದೇ ಬಾಗಿಲಿಗೆ ಹೋಗಿ ಕೇಳಬಹುದು. ಒಂದು ದಿನ ಶಾಮಿಯಾನ ಹಾಕಿ ಸಂಜೆ ಬಿಚ್ಚಿಕೊಂಡು ಹೋಗುವವರನ್ನು ಎಲ್ಲಿ ಅಂತ ಹುಡುಕೋದು?

ನಿಮ್ಮೂರಿಗೆ ಫ್ಲೆಕ್ಸ್ ಬಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ, ಈ ಕ್ಯಾಂಪ್ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಗೊತ್ತಾ ಅಂತ. ನಮ್ಮಲ್ಲಿ ಗೊತ್ತಿರಲಿಲ್ಲ. ಟ್ರಸ್ಟಿನ ಹೆಸರನ್ನು ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹುಡುಕಬಹುದು, ಆದರೆ ಅಲ್ಲಿ ಹೆಸರಿದೆ ಅಂತ ಸುಮ್ನೆ ನಂಬಬೇಡಿ, ಅದು ನೋಂದಣಿ ಅಷ್ಟೇ. 'ಇವತ್ತೇ ಬಸ್ಸು ಹತ್ತಿ' ಅಂದರೆ ಇಸಿಜಿ ಚೀಟಿ ಕೈಗೆ ಇಸ್ಕೊಂಡು ತಾಲ್ಲೂಕು ಆಸ್ಪತ್ರೆಯಲ್ಲಿ ಅವತ್ತೇ ತೋರಿಸಿ. ನಿಜವಾಗಲೂ ಎದೆನೋವು, ಬೆವರು, ಉಸಿರಾಟದ ತೊಂದರೆ ಇದ್ದರೆ ಮಾತ್ರ ಇದೆಲ್ಲ ಯೋಚಿಸದೆ 108ಕ್ಕೆ ಫೋನ್ ಮಾಡಿ.

ಈಗಾಗಲೇ ಬೆರಳು ಕೊಟ್ಟುಬಿಟ್ಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ, ಕಾರ್ಡ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಕೇಳಿ. ಆಧಾರ್‌ನ ಬಯೋಮೆಟ್ರಿಕ್ ಅನ್ನು ಎಂಆಧಾರ್ ಆಪ್‌ನಲ್ಲಿ ಲಾಕ್ ಮಾಡಬಹುದು. ರೇಷನ್ ತರೋ ದಿನ ಮಾತ್ರ ತೆಗೆಯೋದು ಮರೀಬೇಡಿ, ಇಲ್ಲಾಂದರೆ ನ್ಯಾಯಬೆಲೆ ಅಂಗಡಿಯಲ್ಲಿ ಜಗಳ ಗ್ಯಾರಂಟಿ. ದೂರು ಕೊಡೋಕೆ 104, ಇಲ್ಲವೇ 14555. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸ್ಕೊಳ್ಳಿ. ಕ್ಯಾಂಪಿನ ಫ್ಲೆಕ್ಸಿನ ಫೋಟೋ ಇದ್ದರೆ ಅದನ್ನೂ ಲಗತ್ತಿಸಿ. ನಮ್ಮ ದೂರಿನ ಮೇಲೆ ವಿಚಾರಣೆ ಶುರುವಾಗಿದೆ. ಅದೇ ಬಸ್ಸಿನಲ್ಲಿ ಹೋಗಿದ್ದ ಪಕ್ಕದೂರಿನವರೂ ಈಗ ತಮ್ಮ ಕಾರ್ಡ್ ಚೆಕ್ ಮಾಡಿಸ್ತಿದ್ದಾರೆ.