ಒಂದೇ ಕೊಲೆ, ಎರಡೆರಡು ಟಿವಿ ರೂಪ: ಚಿಕ್ಕಮ್ಮನ ಜೊತೆ ಕ್ರಿಸ್ಟಿ ನೋಡಿದ್ದು

ನಮ್ಮ ಚಿಕ್ಕಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಒಂದು ಪುಸ್ತಕವನ್ನೂ ಓದಿರಲಿಲ್ಲ. ನಾನು ಎಂಟನೇ ಕ್ಲಾಸಿನಿಂದ ಓದುತ್ತಾ ಬಂದವಳು. ಕೆಲವು ಪುಸ್ತಕಗಳನ್ನು ಐದಾರು ಸಲ ಓದಿದ್ದೇನೆ. ಈ ಬೇಸಿಗೆಯಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಚಿಕ್ಕಮ್ಮ ಆರು ವಾರ ನಮ್ಮ ಮನೆಯಲ್ಲಿದ್ದರು. ಸಂಜೆ ಹೊತ್ತು ಕಳೆಯಬೇಕಲ್ಲ, ಕ್ರಿಸ್ಟಿಯ ಕಥೆಗಳನ್ನು ಟಿವಿಯಲ್ಲಿ ಒಟ್ಟಿಗೆ ನೋಡೋಣ ಅಂದೆ. ಒಂದೇ ಕಾದಂಬರಿಯ ಎರಡು ರೂಪ ಸಿಕ್ಕಿದರೆ ಎರಡನ್ನೂ ನೋಡುವುದು. ಕೊನೆಯ ಇಪ್ಪತ್ತು ನಿಮಿಷ ಉಳಿದಿರುವಾಗ ನಿಲ್ಲಿಸುವುದು. ಕೊಲೆ ಮಾಡಿದವರು ಯಾರು, ಯಾಕೆ ಅಂತ ಚಿಕ್ಕಮ್ಮ ಹೇಳಬೇಕು. ಆಮೇಲೆ ಮುಂದಿನದು.

ಈ ಟಿವಿ ರೂಪಗಳ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಅದು ಪುಸ್ತಕವನ್ನು ಪ್ರೀತಿಸುವವಳ ಸಿಟ್ಟು. ಪುಸ್ತಕ ಓದದ, ಆದರೆ ಲೆಕ್ಕ ಗೊತ್ತಿರುವ ಒಬ್ಬರಿಗೆ ಏನನ್ನಿಸುತ್ತದೆ ಅಂತ ನೋಡಬೇಕಿತ್ತು.

ಮೊದಲು 'ದಿ ಬಾಡಿ ಇನ್ ದ ಲೈಬ್ರರಿ'. ಪುಸ್ತಕ 1942ರದ್ದು. ಬೆಳಗ್ಗೆ ಎದ್ದು ನೋಡಿದರೆ ಕರ್ನಲ್ ಬ್ಯಾಂಟ್ರಿ ಮನೆಯ ಲೈಬ್ರರಿಯಲ್ಲಿ ಒಬ್ಬ ಹುಡುಗಿಯ ಹೆಣ ಬಿದ್ದಿದೆ. ಮನೆಯವರು ಯಾರೂ ಅವಳನ್ನು ಕಂಡವರಲ್ಲ. ಬಿಬಿಸಿ ಇದನ್ನು 1984ರ ಡಿಸೆಂಬರಿನಲ್ಲಿ ಮೂರು ಕಂತಾಗಿ ತೋರಿಸಿತು. ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಆಗಿ ಜೋನ್ ಹಿಕ್ಸನ್. ಆಗ ಅವರಿಗೆ 78 ವರ್ಷ. 1940ರ ದಶಕದಲ್ಲಿ ಅವರನ್ನು ನಾಟಕದಲ್ಲಿ ನೋಡಿದ ಕ್ರಿಸ್ಟಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಕಾಗದ ಬರೆದಿದ್ದರು. ಆ ಮಾತು ನಿಜವಾಗುವ ಹೊತ್ತಿಗೆ ಕ್ರಿಸ್ಟಿ ತೀರಿಕೊಂಡು ಎಂಟು ವರ್ಷ ಆಗಿತ್ತು.

ಹಿಕ್ಸನ್ ಹೆಚ್ಚು ಮಾತಾಡುವುದಿಲ್ಲ. ಸುಮ್ನೆ ಕೂತಿರುತ್ತಾರೆ, ಕಣ್ಣು ಮಾತ್ರ ಎಲ್ಲ ಕಡೆ ಇರುತ್ತದೆ. ಮಿಸ್ ಮಾರ್ಪಲ್ ಇರುವ ಸೇಂಟ್ ಮೇರಿ ಮೀಡ್ ಹಳ್ಳಿಗಾಗಿ ಹ್ಯಾಂಪ್‌ಶೈರಿನ ನೆದರ್ ವಾಲಪ್ ಅನ್ನೋ ಊರಲ್ಲಿ ಚಿತ್ರೀಕರಣ ಮಾಡಿದ್ದಾರೆ. ಕಥೆ ನಿಧಾನವಾಗಿ ಸಾಗುತ್ತದೆ. ಮೊದಲ ಕಂತಿನಲ್ಲಿ ಚಿಕ್ಕಮ್ಮ ಎರಡು ಸಲ ಆಕಳಿಸಿದರು. ಎರಡನೇ ಕಂತಿನಲ್ಲಿ ಕಾಗದ ಪೆನ್ನು ಕೇಳಿದರು. ಸತ್ತ ಹುಡುಗಿಯ ಉಗುರಿನ ವಿಚಾರ ಬಂದಾಗ, "ತಡಿ ತಡಿ, ಹಿಂದಕ್ಕೆ ಹಾಕು" ಅಂದರು. ಪ್ರಿಯಕರನನ್ನು ನೋಡಲು ಹೋಗುವ ಹುಡುಗಿ ಹಳೇ ಡ್ರೆಸ್ ಹಾಕಿಕೊಳ್ತಾಳಾ ಅಂತ ಅವರೇ ಕೇಳಿದರು. ಪುಸ್ತಕದಲ್ಲಿ ಮಿಸ್ ಮಾರ್ಪಲ್‌ಗೆ ಹೊಳೆಯುವುದೂ ಇದೇ.

ಮುಂದಿನ ಎರಡು ಪ್ಯಾರಾದಲ್ಲಿ ಈ ಕಥೆಯ ಗುಟ್ಟು ಒಡೆಯಲೇಬೇಕು. ಓದದೇ ಇರುವವರು ಅದನ್ನು ದಾಟಿ ಮುಂದೆ ಹೋಗಿ.

ಪುಸ್ತಕದ ಪ್ರಕಾರ ಇದು ಇಬ್ಬರು ಸೇರಿ ಮಾಡಿದ ಕೊಲೆ. ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರೂ ಗುಟ್ಟಾಗಿ ಮದುವೆಯಾಗಿರುತ್ತಾರೆ. ಯಾರಿಗೂ ಅನುಮಾನ ಇರುವುದಿಲ್ಲ. ಇದನ್ನು ಕ್ರಿಸ್ಟಿ ಬಚ್ಚಿಡುವ ರೀತಿ ನೋಡಿ. ಅದೇ ಊರಿನಲ್ಲಿ ಬೇಸಿಲ್ ಬ್ಲೇಕ್ ಮತ್ತು ಡೈನಾ ಲೀ ಅಂತ ಇನ್ನೊಂದು ಜೋಡಿ ಇದೆ. ಮದುವೆ ಇಲ್ಲದೆ ಒಟ್ಟಿಗಿದ್ದಾರೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಮಿಸ್ ಮಾರ್ಪಲ್ ಮಾತ್ರ ಅವರು ಗಂಡ ಹೆಂಡತಿ ಅಂತ ಕಂಡುಹಿಡಿಯುತ್ತಾಳೆ. ಯಾಕೆಂದರೆ ಅವರು ಜಗಳ ಆಡುವುದು ಗಂಡ ಹೆಂಡತಿ ಥರ! ಆ ಒಂದು ಗುಟ್ಟಿನ ಮದುವೆ ಕಂಡದ್ದರಿಂದಲೇ ಇನ್ನೊಂದು ಗುಟ್ಟಿನ ಮದುವೆ ಅವಳಿಗೆ ಹೊಳೆಯುತ್ತದೆ. ಮದುವೆ ದಾಖಲೆ ಇಡುವ ಲಂಡನ್ನಿನ ಸಾಮರ್ಸೆಟ್ ಹೌಸ್ ಇಡೀ ಕಥೆಯ ಬೀಗದ ಕೈ. ಒಂದು ಮದುವೆ ನಮ್ಮ ಕಣ್ಣ ಮುಂದೆ, ಇನ್ನೊಂದು ಅದರ ನೆರಳಿನಲ್ಲಿ. ಎಷ್ಟು ಚೆಂದದ ನೇಯ್ಗೆ ಅಲ್ವಾ?

2004ರಲ್ಲಿ ಬಂದ ಹೊಸ ಸರಣಿ ಇದೇ ಕಥೆಯಿಂದ ಶುರುವಾಯಿತು. ಮಾರ್ಪಲ್ ಆಗಿ ಜೆರಾಲ್ಡಿನ್ ಮೆಕ್‌ಇವನ್. ಜೊತೆಗೆ ಜೊವಾನಾ ಲಮ್ಲಿ, ಇಯಾನ್ ರಿಚರ್ಡ್‌ಸನ್‌ರಂಥ ದೊಡ್ಡ ನಟರು. ಬಣ್ಣ, ಬಟ್ಟೆ, ಕಾರು ಎಲ್ಲ ಕಣ್ಣಿಗೆ ಹಬ್ಬ. ಕರ್ನಲ್ ಹೆಂಡತಿ ಡಾಲಿ ಬ್ಯಾಂಟ್ರಿಯಾಗಿ ಲಮ್ಲಿ ನನಗೆ ನಿಜಕ್ಕೂ ಇಷ್ಟ. ಆದರೆ ಇಲ್ಲಿ ಕೊಲೆಗಾರರ ಜೋಡಿಯಲ್ಲಿ ಗಂಡಸನ್ನು ತೆಗೆದು ಇನ್ನೊಬ್ಬಳು ಹೆಂಗಸನ್ನು ತಂದಿದ್ದಾರೆ. ಇಬ್ಬರು ಹೆಂಗಸರ ಪ್ರೀತಿಯನ್ನು ತೋರಿಸಿದ್ದಕ್ಕೆ ನನ್ನ ತಕರಾರಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ತಕರಾರು ಬೇರೆ. ಆ ಕಾಲದಲ್ಲಿ ಇಬ್ಬರು ಹೆಂಗಸರು ಮದುವೆ ದಾಖಲೆಯಲ್ಲಿ ಹೆಸರು ಬರೆಸುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಮದುವೆಯ ಸುಳಿವು ಬಿದ್ದುಹೋಯಿತು. ಅದು ಬಿದ್ದ ಮೇಲೆ ಬೇಸಿಲ್ ಮತ್ತು ಡೈನಾ ಜೋಡಿಗೆ ಕಥೆಯಲ್ಲಿ ಕೆಲಸವೇ ಇಲ್ಲ. ಹೆಣಿಗೆಯ ಒಂದು ಎಳೆ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಂಡಂತೆ. ಹಳೆಯದನ್ನು ನೋಡಿದ್ದ ಚಿಕ್ಕಮ್ಮ ಉತ್ತರ ಗೊತ್ತು ಅಂತ ಕಾಲು ಚಾಚಿ ಕೂತಿದ್ದರು. ಕೊನೆಗೆ ಬೇರೆಯೇ ಮುಖ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಆಧಾರದ ಮೇಲೆ?" ಮತ್ತೆ ಹಿಂದಕ್ಕೆ ಹಾಕಿಸಿ ಹುಡುಕಿದರು. "ಲೆಕ್ಕದಲ್ಲಿ ಅಂಕಿ ಕೊಡದೆ ಹಿಂದಿನ ಪುಟದಲ್ಲಿ ಉತ್ತರ ಅಚ್ಚು ಹಾಕಿದ ಹಾಗಾಯ್ತು ಕಣೇ" ಅಂದರು.

ನಾನು ಇಷ್ಟು ವರ್ಷ ಹೇಳಲು ಒದ್ದಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಅದೇ ಸರಣಿಯ ಬಗ್ಗೆ ಇನ್ನೊಂದು ಮಾತು. ಮಿಸ್ ಮಾರ್ಪಲ್ ಕಾದಂಬರಿಗಳು ಇರುವುದು 12. ಹಿಕ್ಸನ್ 1992ರ ಹೊತ್ತಿಗೆ ಆ ಹನ್ನೆರಡನ್ನೂ ಮುಗಿಸಿ ನಿಲ್ಲಿಸಿದರು. ಹೊಸ ಸರಣಿ 2013ರವರೆಗೆ 23 ಕಂತು ನಡೆಯಿತು. ಕಥೆ ಸಾಲದೇ ಹೋದಾಗ ಮಿಸ್ ಮಾರ್ಪಲ್ ಇಲ್ಲವೇ ಇಲ್ಲದ ಕಾದಂಬರಿಗಳಿಗೆ ಅವಳನ್ನು ತೂರಿಸಿದರು. 1967ರ 'ಎಂಡ್‌ಲೆಸ್ ನೈಟ್' ನನ್ನ ಪ್ರಾಣ. ಕಥೆ ಹೇಳುವವನ ಒಳಗೇ ಕೂತು ಓದಬೇಕಾದ ಪುಸ್ತಕ ಅದು. ಅಲ್ಲಿ ಹೊರಗಿನಿಂದ ಒಬ್ಬ ಅಜ್ಜಿ ಬಂದು ನೋಡುತ್ತಾ ನಿಂತರೆ ಆ ಉಸಿರುಗಟ್ಟುವಿಕೆ ಎಲ್ಲಿ ಉಳಿಯುತ್ತದೆ? ಅದನ್ನು ಚಿಕ್ಕಮ್ಮನಿಗೆ ತೋರಿಸಲೇ ಇಲ್ಲ.

ಎರಡನೆಯದು 'ದಿ ಎ.ಬಿ.ಸಿ. ಮರ್ಡರ್ಸ್'. 1936ರ ಪುಸ್ತಕ. ಆಂಡೋವರ್ ಊರಲ್ಲಿ ಆಲಿಸ್ ಆಷರ್, ಬೆಕ್ಸ್‌ಹಿಲ್‌ನಲ್ಲಿ ಬೆಟ್ಟಿ ಬರ್ನಾರ್ಡ್, ಚರ್ಸ್ಟನ್‌ನಲ್ಲಿ ಸರ್ ಕಾರ್ಮೈಕಲ್ ಕ್ಲಾರ್ಕ್. ಅಕ್ಷರಮಾಲೆಯ ಕ್ರಮದಲ್ಲಿ ಕೊಲೆ. ಪ್ರತಿ ಹೆಣದ ಪಕ್ಕ ರೈಲಿನ ವೇಳಾಪಟ್ಟಿಯ ಪುಸ್ತಕ. ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪ್ವಾರೊಗೆ ಕೊಲೆಗಾರನಿಂದ ಮೊದಲೇ ಕಾಗದ ಬಂದಿರುತ್ತದೆ. ಈ ಸಲ ಕ್ರಮ ತಿರುಗಿಸಿ ಹೊಸದನ್ನೇ ಮೊದಲು ಹಾಕಿದೆ.

2018ರ ರೂಪದಲ್ಲಿ ಜಾನ್ ಮಾಲ್ಕೊವಿಚ್ ಪ್ವಾರೊ. ನಟನೆ ಮೇಲ್ಮಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನಲ್ಲಿ ಹೊರಗಿನವರ ಮೇಲೆ ದ್ವೇಷ ಏರುತ್ತಿದ್ದ 1933ರ ಕಾಲವನ್ನೂ ಗಟ್ಟಿಯಾಗಿ ತೋರಿಸಿದ್ದಾರೆ. ಕೊಲೆಗಾರನನ್ನು ಬದಲಾಯಿಸಿಲ್ಲ. ಹಾಗಾದರೆ ನನಗೆ ಯಾಕೆ ಬೇಜಾರು? ಪ್ವಾರೊನ ಗೆಳೆಯ ಹೇಸ್ಟಿಂಗ್ಸ್ ಇಲ್ಲ. ಇನ್ಸ್‌ಪೆಕ್ಟರ್ ಜ್ಯಾಪ್ ಶುರುವಿನಲ್ಲೇ ಸಾಯುತ್ತಾನೆ. ಪ್ವಾರೊ ಒಬ್ಬಂಟಿ ಮುದುಕ. ಅವನ ಹಳೆಯ ಬದುಕನ್ನೇ ಬದಲಾಯಿಸಿ, ಬೆಲ್ಜಿಯಂನಲ್ಲಿ ಪಾದ್ರಿಯಾಗಿದ್ದ ಅಂತ ಮಾಡಿದ್ದಾರೆ. ಕ್ರಿಸ್ಟಿಯ ಪ್ವಾರೊ ಬೆಲ್ಜಿಯಂ ಪೊಲೀಸಿನವನು. ಪೊಲೀಸಿನವನ ಕ್ರಮಬದ್ಧ ತಲೆ ಅವನದು. ಪುಸ್ತಕದಲ್ಲಿ ಬಾಡಿಗೆ ಮನೆಯೊಡತಿಯ ಮಗಳು ಲಿಲಿ, ಅಲ್ಲಿ ಬಾಡಿಗೆಗಿರುವ ಬಡ ಕಸ್ಟ್ ಮೇಲೆ ಕನಿಕರ ಇಟ್ಟ ಹುಡುಗಿ. ಇಲ್ಲಿ ಅವಳು ದುಡ್ಡಿಗಾಗಿ ಹೈಹೀಲ್ಡ್ ಚಪ್ಪಲಿ ಹಾಕಿಕೊಂಡು ಅವನ ಬೆನ್ನ ಮೇಲೆ ನಡೆಯುತ್ತಾಳೆ. ಕಥೆಯಲ್ಲಿದ್ದ ಸಣ್ಣ ಒಳ್ಳೆಯತನ ಕೂಡ ಉಳಿಯಲಿಲ್ಲ.

ನಿಲ್ಲಿಸಿ, ಯಾರು ಕೊಲೆಗಾರ ಹೇಳಿ ಅಂದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದನ್ನ ಯೋಚಿಸೋದೇ ಮರೆತೆ. ಈ ಮನುಷ್ಯನಿಗೆ ಹಿಂದೆ ಏನಾಗಿತ್ತು ಅಂತಲೇ ನೋಡ್ತಿದ್ದೆ" ಅಂದರು. ಪುಸ್ತಕದ ಪ್ರಶ್ನೆ ಕೊಲೆ ಮಾಡಿದ್ದು ಯಾರು ಅನ್ನೋದು. ಇಲ್ಲಿ ಅದು ಪ್ವಾರೊ ಯಾರು ಅಂತ ಆಗಿಬಿಟ್ಟಿದೆ.

ಒಂದು ವಾರ ಬಿಟ್ಟು 1992ರದ್ದು ನೋಡಿದೆವು. ಅದರಲ್ಲಿ ಪ್ವಾರೊ ಆಗಿ ಡೇವಿಡ್ ಸೂಶೆ. ಇಲ್ಲಿಯೂ ಪುಸ್ತಕದಲ್ಲಿ ಇಲ್ಲದ್ದು ಇದೆ. ದಕ್ಷಿಣ ಅಮೆರಿಕದಿಂದ ಬರುವ ಹೇಸ್ಟಿಂಗ್ಸ್ ಗೆಳೆಯನಿಗೆ ಉಡುಗೊರೆ ಅಂತ ಒಂದು ಸತ್ತ ಮೊಸಳೆಗೆ ಹುಲ್ಲು ತುಂಬಿಸಿ ತಂದಿರುತ್ತಾನೆ! ಪುಸ್ತಕದಲ್ಲಿ ಮೊಸಳೆ ಇಲ್ಲ. ಆದರೂ ನನಗೆ ಒಂಚೂರೂ ಕೋಪ ಬರಲಿಲ್ಲ. ಆ ಮೊಸಳೆ ಇಬ್ಬರ ಸ್ನೇಹದ ಒಳಗಿನಿಂದ ಬಂದದ್ದು. ಪುಸ್ತಕದಲ್ಲಿ ಇಬ್ಬರೂ ಕೂತು, ಹೋಟೆಲಿನಲ್ಲಿ ಊಟ ಆರ್ಡರ್ ಮಾಡುವ ಹಾಗೆ, ನಿನಗೆ ಎಂಥ ಕೊಲೆ ಬೇಕು ಅಂತ ಮಾತಾಡುವ ಜಾಗ ಇದೆ. ನಾಲ್ವರು ಇಸ್ಪೀಟು ಆಡುತ್ತಿರುವಾಗ ಬೆಂಕಿಯ ಹತ್ತಿರ ಕೂತ ಐದನೆಯವನು ಸತ್ತಿರಬೇಕು, ಅದು ನನಗೆ ಬೇಕಾದ ಕೇಸು ಅನ್ನುತ್ತಾನೆ ಪ್ವಾರೊ. ಅದೇ ವರ್ಷ ಕ್ರಿಸ್ಟಿ ಅದನ್ನೇ 'ಕಾರ್ಡ್ಸ್ ಆನ್ ದ ಟೇಬಲ್' ಅಂತ ಬರೆದೂಬಿಟ್ಟರು. ಆ ಸಲಿಗೆ ಗೊತ್ತಿರುವವರಿಗೆ ಮಾತ್ರ ಅಂಥ ಮೊಸಳೆ ಹೊಳೆಯುತ್ತದೆ.

ಮೂರನೇ ಕಾಗದಕ್ಕೆ ವಿಳಾಸ ತಪ್ಪು ಬರೆದಿರುತ್ತದೆ. ಪ್ವಾರೊನ ಮನೆ ಇರುವ ವೈಟ್‌ಹೇವನ್ ಬದಲು ವೈಟ್‌ಹಾರ್ಸ್. ಅದು ತಡವಾಗಿ ಬರುತ್ತದೆ, ಅಷ್ಟರಲ್ಲಿ ಕೊಲೆ ಆಗಿರುತ್ತದೆ. ಕೊಲೆಗಾರ ಪೊಲೀಸರಿಗೆ ಬರೆಯದೆ ಒಬ್ಬ ಖಾಸಗಿ ಮನುಷ್ಯನಿಗೆ ಯಾಕೆ ಬರೆದ ಅನ್ನೋದು ಎಲ್ಲರ ಕಣ್ಣೆದುರಿಗೇ ಇರುವ ಪ್ರಶ್ನೆ. ಯಾರೂ ಕೇಳುವುದಿಲ್ಲ. ಸ್ಕಾಟ್ಲೆಂಡ್ ಯಾರ್ಡಿಗೆ ಬರೆದ ಕಾಗದ ದಾರಿ ತಪ್ಪುವುದಿಲ್ಲ ಅಲ್ವಾ? ಪುಸ್ತಕದಲ್ಲಿ ಇದನ್ನು ಓದಿದ ದಿನ ನಾನು ಎದ್ದು ಮನೆಯೆಲ್ಲ ಓಡಾಡಿದ್ದೆ. ಚಿಕ್ಕಮ್ಮನಿಗೆ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿತ್ತು. ಆದರೂ 1992ರದ್ದನ್ನು ಅವರು ಜಾಸ್ತಿ ಖುಷಿಯಿಂದ ನೋಡಿದರು. "ಉತ್ತರ ಗೊತ್ತಿದ್ದರೂ ಹೆಜ್ಜೆ ನೋಡೋದು ಚೆಂದ" ಅಂದರು.

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2018ರ ಆ ಎ.ಬಿ.ಸಿ. ಬರೆದದ್ದು ಸಾರಾ ಫೆಲ್ಪ್ಸ್. ಅವರೇ 2015ರಲ್ಲಿ 'ಆ್ಯಂಡ್ ದೆನ್ ದೇರ್ ವರ್ ನನ್' ಬರೆದಿದ್ದರು. ಅದು ನನ್ನ ಮೆಚ್ಚಿನದು. 1939ರ ಆ ಕಾದಂಬರಿಯ ಕೊನೆ ತುಂಬ ಕ್ರೂರ. 1943ರಲ್ಲಿ ಕ್ರಿಸ್ಟಿ ತಾವೇ ಅದನ್ನು ನಾಟಕ ಮಾಡುವಾಗ ಸುಖಾಂತ್ಯ ಕೊಟ್ಟರು. ಆಮೇಲೆ ಇಂಗ್ಲಿಷಿನಲ್ಲಿ ಬಂದ ಸಿನಿಮಾಗಳು ಆ ನಾಟಕದ ದಾರಿಯನ್ನೇ ಹಿಡಿದವು. ಪುಸ್ತಕದ ಕೊನೆಯನ್ನು ಉಳಿಸಿದ್ದು 1987ರ ಒಂದು ಸೋವಿಯತ್ ಸಿನಿಮಾ. 2015ರ ರೂಪ ರಕ್ತ, ಡ್ರಗ್ಸ್ ಎಲ್ಲ ಸೇರಿಸಿದರೂ ಆ ಕೊನೆಗೆ ಕೈ ಹಚ್ಚಲಿಲ್ಲ. ಅಂದು ರಾತ್ರಿ ಚಿಕ್ಕಮ್ಮ ಹಾಲ್‌ನ ದೀಪ ಆರಿಸಬೇಡ ಅಂದರು.

ಅದೇ ಕೈ 2018ರಲ್ಲಿ 'ಆರ್ಡೀಲ್ ಬೈ ಇನೊಸೆನ್ಸ್' ಕಥೆಯಲ್ಲಿ ಕೊಲೆಗಾರನನ್ನೇ ಬದಲಾಯಿಸಿತು. 1958ರ ಪುಸ್ತಕದಲ್ಲಿ, ಜೈಲಿನಲ್ಲಿ ಸತ್ತ ಹುಡುಗ ನಿರಪರಾಧಿ ಅಂತ ಹೇಳಲು ಅಂಟಾರ್ಕ್ಟಿಕಾದಿಂದ ಮರಳಿದ ಒಬ್ಬ ವಿಜ್ಞಾನಿ ಬರುತ್ತಾನೆ. ಮನೆಯವರಿಗೆ ಸಂತೋಷ ಆಗುವುದಿಲ್ಲ, ಭಯ ಆಗುತ್ತದೆ. ಅವನಲ್ಲ ಅಂದರೆ ನಮ್ಮಲ್ಲೇ ಒಬ್ಬರು ಅಂತ ಆಯಿತಲ್ಲ! ಇಷ್ಟು ಗಟ್ಟಿ ಬೀಜ ಇರುವಾಗ ಬೇರೆ ಫಲ ಯಾಕೆ ಕಟ್ಟಬೇಕು?

ನಾನು ಪೂಜೆ ಮಾಡುವ ಸೂಶೆಯ ಸರಣಿಯೂ 1989ರಿಂದ 2013ರವರೆಗೆ 70 ಕಂತು ಒಂದೇ ಥರ ಉಳಿಯಲಿಲ್ಲ. 'ಅಪಾಯಿಂಟ್‌ಮೆಂಟ್ ವಿತ್ ಡೆತ್' ಪುಸ್ತಕದಲ್ಲಿ ಮಿಸೆಸ್ ಬಾಯ್ನ್‌ಟನ್ ವಿಧವೆ. ಟಿವಿಯಲ್ಲಿ ಅವಳಿಗೆ ಬದುಕಿರುವ ಗಂಡ, ಅದೂ ಉತ್ಖನನ ಮಾಡಿಸುವ ಲಾರ್ಡ್. ಅದನ್ನು ನಾನು ಅರ್ಧಕ್ಕೇ ಆರಿಸಿದೆ.

ಪುಸ್ತಕ ಓದಿದವರಿಗೂ ಅಚ್ಚರಿ ಬೇಡವಾ ಅಂತ ಕೆಲವರು ಕೇಳುತ್ತಾರೆ. ಬೇಕಿದ್ದರೆ ಹೊಸ ಕಥೆ ಬರೆಯಲಿ, ಹೊಸ ಪತ್ತೇದಾರನನ್ನು ಹುಟ್ಟಿಸಲಿ, ನಾನು ಖಂಡಿತ ನೋಡುತ್ತೇನೆ. 1993ರಲ್ಲಿ ದೂರದರ್ಶನದಲ್ಲಿ ಬಾಸು ಚಟರ್ಜಿಯವರ ಬ್ಯೋಮಕೇಶ್ ಬಕ್ಷಿ ಬಂದಾಗ ಅದನ್ನು ಕಾದು ಕೂತು ನೋಡಿದವರಲ್ಲಿ ನಮ್ಮ ಮನೆಯವರೂ ಇದ್ದರು. ಸೆಟ್ಟುಗಳು ಸಾಧಾರಣ, ಸಂಗೀತ ಸಾಧಾರಣ. ರಜಿತ್ ಕಪೂರ್ ಧೋತಿ ಉಟ್ಟು ಕೂತು ಯೋಚಿಸುತ್ತಿದ್ದರು, ನಾವೂ ಜೊತೆಗೆ ಯೋಚಿಸುತ್ತಿದ್ದೆವು. ಆ ಸುಖಕ್ಕೆ ದುಡ್ಡು ಜಾಸ್ತಿ ಬೇಕಾಗಿರಲಿಲ್ಲ.

'ದಿ ಮರ್ಡರ್ ಆಫ್ ರೋಜರ್ ಆಕ್‌ರಾಯ್ಡ್' ಕಥೆಯ 2000ದ ಟಿವಿ ರೂಪವನ್ನು ತೋರಿಸು ಅಂತ ಚಿಕ್ಕಮ್ಮ ಕೇಳಿದರು. ಆಗಲ್ಲ ಅಂದೆ. ಅದು ಸೂಶೆಯದ್ದೇ ಆದರೂ ಆಗಲ್ಲ. ಊರಿಗೆ ಹೊರಟಾಗ ನನ್ನ ಹಳೇ ಪುಸ್ತಕವನ್ನೇ ಅವರ ಬ್ಯಾಗಿನಲ್ಲಿ ಇಟ್ಟೆ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. ಮಂಡಿ ಹೇಗಿದೆ ಅಂತ ಕೇಳಲೂ ಬಿಡಲಿಲ್ಲ. "ಆ ರೂಮಿನಲ್ಲಿ ಕುರ್ಚಿಯನ್ನ ಯಾರೋ ಸರಿಸಿದ್ದಾರೆ ಕಣೇ. ಪ್ವಾರೊ ಮಾತ್ರ ಅದನ್ನೇ ಕೇಳ್ತಿದ್ದಾನೆ, ಬೇರೆಯವರು ಯಾರೂ ಲಕ್ಷ್ಯ ಕೊಡ್ತಿಲ್ಲ. ಹೌದಲ್ವಾ?"

ಓದಿ ಚಿಕ್ಕಮ್ಮ ಅಂದೆ. ಬೇರೆ ಏನೂ ಹೇಳಲಿಲ್ಲ.